ಇಲಿ ಬಿದ್ದ ಮನೆಯ ಪ್ರಶ್ನೆ: ಭೈರಪ್ಪನವರ ಬದುಕು ಮತ್ತು ಸಂಕಟದ ತತ್ತ್ವವಿಚಾರ

ಕನ್ನಡದ ಕಾದಂಬರಿಕಾರ ಎಸ್. ಎಲ್. ಭೈರಪ್ಪನವರನ್ನು ತತ್ತ್ವಶಾಸ್ತ್ರದ ಬಾಗಿಲಿಗೆ ತಂದು ನಿಲ್ಲಿಸಿದ್ದು ಪ್ಲೇಗು. ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ 1931ರ ಆಗಸ್ಟ್ 20ರಂದು ಹುಟ್ಟಿದ ಅವರು ಮೀಸೆ ಮೂಡುವ ಮೊದಲೇ ಒಡಹುಟ್ಟಿದವರನ್ನೂ ತಾಯಿ ಗೌರಮ್ಮನನ್ನೂ ಆ ರೋಗಕ್ಕೆ ಕಳೆದುಕೊಂಡರು. ಅಣ್ಣ, ಅಕ್ಕ ಇಬ್ಬರೂ ಒಂದೇ ದಿನ ಹೋದರು. ಕೆಲವು ಕಾಲದ ಮೇಲೆ ತಾಯಿ. ತಮ್ಮನೊಬ್ಬ ತೀರಿಕೊಂಡಾಗ ಹದಿಹರೆಯದ ಭೈರಪ್ಪನವರೇ ಹೆಣವನ್ನು ಹೆಗಲ ಮೇಲೆ ಹಾಕಿಕೊಂಡು ಸ್ಮಶಾನಕ್ಕೆ ನಡೆದು, ಸುಟ್ಟು ಬಂದರು. ತಂದೆ ಲಿಂಗಣ್ಣಯ್ಯನವರಿಂದ ಮನೆಗೆ ಆಸರೆ ಇರಲಿಲ್ಲ. ಸಾವು ಎಂದರೇನು, ಅದು ಯಾಕೆ ಈ ಮನೆಗೇ ಬಂತು ಎಂಬ ಪ್ರಶ್ನೆ ಆ ಹುಡುಗನಿಗೆ ಯಾವ ಗ್ರಂಥದಿಂದಲೂ ಹುಟ್ಟಲಿಲ್ಲ. ಹೆಗಲ ಮೇಲಿನ ಭಾರದಿಂದ ಹುಟ್ಟಿತು.

ಕಠೋಪನಿಷತ್ತಿನ ನಚಿಕೇತನೂ ಇದೇ ವಯಸ್ಸಿನವನಿರಬೇಕು. ಅವನು ಯಮನ ಮನೆಗೆ ಹೋಗಿ ಮೂರು ರಾತ್ರಿ ಕಾದು, ಸತ್ತ ಮೇಲೆ ಮನುಷ್ಯ ಇರುತ್ತಾನೋ ಇಲ್ಲವೋ ಎಂದು ಕೇಳಿದ. ದೇವತೆಗಳಿಗೂ ಇದರಲ್ಲಿ ಸಂಶಯವಿದೆ, ಬೇರೆ ಏನಾದರೂ ಕೇಳು ಎಂದು ಯಮ ಹೊನ್ನು, ಕುದುರೆ, ದೀರ್ಘಾಯುಷ್ಯದ ಆಸೆ ತೋರಿಸಿದ. ಸಂತೇಶಿವರದ ಮನೆಗೆ ಯಮನೇ ಬಂದಿದ್ದ. ಏನನ್ನೂ ಕೊಡುತ್ತೇನೆಂದು ಹೇಳಲಿಲ್ಲ. ಉಪನಿಷತ್ತಿನ ಹುಡುಗನ ಪ್ರಶ್ನೆ ಆತ್ಮದ ಬಗ್ಗೆ. ಈ ಹುಡುಗನದು ನ್ಯಾಯದ ಬಗ್ಗೆ. ಧರ್ಮಗಳ ಚರ್ಚೆಯಲ್ಲಿ ಇವೆರಡನ್ನೂ ಒಂದೇ ಎಂಬಂತೆ ಬೆರೆಸಿಬಿಡುವುದು ವಾಡಿಕೆ. ಆತ್ಮ ಸಾಯುವುದಿಲ್ಲ ಎಂದು ಸಿದ್ಧಪಡಿಸಿದ ಮಾತ್ರಕ್ಕೆ ಎಂಟು ವರ್ಷದ ಮಗು ಕಂಕುಳಲ್ಲಿ ಗಡ್ಡೆ ಎದ್ದು ನರಳಿ ಸತ್ತದ್ದು ಸರಿಯಾಗಿಬಿಡುವುದಿಲ್ಲ.

ಆ ಕಾಲದ ಮೈಸೂರು ಸೀಮೆಯಲ್ಲಿ ಪ್ಲೇಗು ಹೊಸದೇನಲ್ಲ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಅದು 1898ರ ಆಗಸ್ಟಿನಲ್ಲಿ ಬೆಂಗಳೂರು ತಲುಪಿತು. ರೈಲಿನ ಗಾಡಿಗಳಲ್ಲಿ ಧಾನ್ಯದ ಮೂಟೆಯ ಜೊತೆ ಇಲಿ, ಇಲಿಯ ಜೊತೆ ಚಿಗಟ ಪ್ರಯಾಣ ಮಾಡಿದವು. ಬೆಂಗಳೂರಿನಿಂದ ಹಿರೇಹಳ್ಳಿ, ಕ್ಯಾತ್ಸಂದ್ರ, ತುಮಕೂರು, ಗುಬ್ಬಿ, ನಿಟ್ಟೂರು, ತಿಪಟೂರು ಹಾದು ಅರಸೀಕೆರೆಗೆ ಹೋಗುವ ದಾರಿ ತೆಂಗಿನಕಾಯಿ, ಕೊಬ್ಬರಿ, ರಾಗಿಯ ವ್ಯಾಪಾರದ ದಾರಿ. ರೋಗಕ್ಕೂ ಅದೇ ದಾರಿಯಾಯಿತು. 1940ರ ದಶಕದವರೆಗೂ ಈ ಭಾಗದ ಹಳ್ಳಿಗಳಿಗೆ ಪ್ಲೇಗು ಬಂದುಹೋಗುವ ನೆಂಟನಂತಿತ್ತು. ಜಂತೆಯಿಂದ ಸತ್ತ ಇಲಿ ಬಿದ್ದರೆ ಸಾಕು, ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲದ ಬದುವಿನಲ್ಲಿ ಗರಿ, ಸೊಪ್ಪು ಹೊದಿಸಿದ ಜೋಪಡಿಗಳಿಗೆ ಹೋಗುತ್ತಿತ್ತು. ‘ಇಲಿ ಬಿತ್ತು’ ಎಂದರೆ ವಿವರಣೆ ಬೇಕಿರಲಿಲ್ಲ. ಪಾತ್ರೆ, ಹಾಸಿಗೆ, ಬೀಸುವ ಕಲ್ಲು, ದೇವರ ಪೆಟ್ಟಿಗೆ ಗಾಡಿ ಹತ್ತುತ್ತಿದ್ದವು.

ಯಾಕೆ ಎಂಬುದಕ್ಕೆ ಹಳ್ಳಿಯಲ್ಲಿ ಉತ್ತರಕ್ಕೇನೂ ಬರವಿರಲಿಲ್ಲ. ಮಾರಿ ಮುನಿದಿದ್ದಾಳೆ ಎಂದು ಹಬ್ಬ ಮಾಡಿ ಅವಳನ್ನು ಊರ ಗಡಿ ದಾಟಿಸಿ ಬರುತ್ತಿದ್ದರು. ಪ್ಲೇಗಿನಮ್ಮ ಎಂದೇ ಹೆಸರಿಟ್ಟ ಗುಡಿಗಳು ಎದ್ದವು. ಜೋಯಿಸರು ಪಂಚಾಂಗ ಬಿಚ್ಚಿ ಗ್ರಹಗತಿ ಹೇಳಿದರು. ಹಣೆಬರಹ ಎಂದರು ಕೆಲವರು, ಹೋದ ಜನ್ಮದಲ್ಲಿ ಮಾಡಿದ್ದು ಎಂದರು ಮತ್ತೆ ಕೆಲವರು. ಸರ್ಕಾರದ ಡಾಕ್ಟರು ಸೂಜಿ ಹಿಡಿದುಕೊಂಡು ಬಂದು ಇದು ಇಲಿಯ ಚಿಗಟದಿಂದ ಬರುವ ಕ್ರಿಮಿ ಎಂದರು. ಯೆರ್ಸಿನ್ ಆ ಕ್ರಿಮಿಯನ್ನು ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದದ್ದು 1894ರಲ್ಲಿ; ಹಾಫ್ಕಿನ್ ಮುಂಬಯಿಯಲ್ಲಿ ಲಸಿಕೆ ಸಿದ್ಧಮಾಡಿದ್ದು 1897ರಲ್ಲಿ. ಹಳ್ಳಿಯವರು ಈ ಎಲ್ಲ ಉತ್ತರಗಳನ್ನೂ ಒಟ್ಟಿಗೆ ಇಟ್ಟುಕೊಂಡಿದ್ದರು. ಬೆಳಿಗ್ಗೆ ಸೂಜಿ ಚುಚ್ಚಿಸಿಕೊಂಡವನು ಸಂಜೆ ಮಾರಮ್ಮನಿಗೆ ಹಣ್ಣುಕಾಯಿ ಮಾಡಿಸುವುದರಲ್ಲಿ ವಿರೋಧವೇನೂ ಕಾಣಲಿಲ್ಲ. ಒಂದು ಉತ್ತರ ರೋಗ ಹೇಗೆ ಬಂತು ಎಂದು ಹೇಳುತ್ತಿತ್ತು, ಇನ್ನೊಂದು ತನಗೇ ಯಾಕೆ ಬಂತು ಎಂಬುದನ್ನು. ಚಿಗಟ ಎಲ್ಲರ ಮನೆಯಲ್ಲೂ ಇತ್ತು, ಆದರೆ ಎಲ್ಲರ ಮನೆಯಲ್ಲೂ ಹೆಣ ಬೀಳಲಿಲ್ಲ. ವಿಜ್ಞಾನ ಬಿಟ್ಟುಕೊಟ್ಟ ಆ ಸಣ್ಣ ಸಂದಿಯಲ್ಲೇ ಕರ್ಮ ನಿಂತಿರುವುದು.

ಕರ್ಮಸಿದ್ಧಾಂತದ ಬಲ, ದೌರ್ಬಲ್ಯ ಎರಡನ್ನೂ ಶಾಸ್ತ್ರಕಾರರು ಚೆನ್ನಾಗಿ ಬಲ್ಲವರಾಗಿದ್ದರು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಈಶ್ವರನ ಮೇಲೆ ಎರಡು ಆರೋಪಗಳನ್ನು ಎತ್ತಿಕೊಳ್ಳುತ್ತಾರೆ: ವೈಷಮ್ಯ, ನೈರ್ಘೃಣ್ಯ. ಒಬ್ಬನನ್ನು ಸುಖದಲ್ಲಿ, ಇನ್ನೊಬ್ಬನನ್ನು ದುಃಖದಲ್ಲಿ ಇಟ್ಟವನು ಪಕ್ಷಪಾತಿ. ಎಲ್ಲರನ್ನೂ ಕೊನೆಗೆ ಕೊಲ್ಲುವವನು ಕರುಣೆಯಿಲ್ಲದವನು. ಶಂಕರರ ಉತ್ತರ ಮಳೆಯ ಹೋಲಿಕೆಯದು. ಮಳೆ ಎಲ್ಲ ಹೊಲಕ್ಕೂ ಒಂದೇ. ಭತ್ತ ಭತ್ತವಾಗಿ, ಜವೆ ಜವೆಯಾಗಿ ಬೆಳೆಯುವುದು ಬೀಜದ ಗುಣದಿಂದ. ಈಶ್ವರ ಮಳೆ, ಜೀವಿಗಳ ಕರ್ಮ ಬೀಜ. ಹಾಗಾದರೆ ಮೊಟ್ಟಮೊದಲ ಬೀಜ ಎಲ್ಲಿಂದ ಬಂತು ಎಂದು ಮುಂದಿನ ಸೂತ್ರವೇ ಕೇಳುತ್ತದೆ. ಸಂಸಾರಕ್ಕೆ ಆದಿಯೇ ಇಲ್ಲ ಎಂಬುದು ಅದಕ್ಕೆ ಉತ್ತರ. ಇದರಿಂದ ದೇವರು ಆರೋಪದಿಂದ ಪಾರಾಗುತ್ತಾನೆ. ಪ್ರಶ್ನೆ ಮಾತ್ರ ಪಾರಾಗುವುದಿಲ್ಲ, ಜನ್ಮದಿಂದ ಜನ್ಮಕ್ಕೆ ಹಿಂದೆ ಸರಿಯುತ್ತಾ ಹೋಗುತ್ತದೆ.

ಸತ್ತ ಮಗುವಿನ ಎದುರು ಈ ವಾದ ಇನ್ನಷ್ಟು ಬಿಗಿಯುತ್ತದೆ. ಮಗು ಸತ್ತದ್ದು ಮಗುವಿನ ಕರ್ಮದಿಂದಲೇ, ತಾಯಿಯ ಕರ್ಮದಿಂದಲೇ? ಮಗುವಿನದು ಎಂದರೆ ನೆನಪಿಲ್ಲದ ತಪ್ಪಿಗೆ ನೆನಪಿಲ್ಲದವನಿಗೆ ಶಿಕ್ಷೆ. ತಾಯಿಯದು ಎಂದರೆ ಮಗು ಬರಿಯ ಚಾಟಿಯಾಯಿತು, ತಾಯಿಯ ಬೆನ್ನಿಗೆ ಬಾರಿಸಲು ಬಳಸಿ ಬಿಸಾಡಿದ ಚಾಟಿ. ಹಳ್ಳಿಯ ಹೆಂಗಸರು ಹೆಣದ ಮುಂದೆ ಕೂತಾಗ ಕರ್ಮ ಎಂಬ ಮಾತನ್ನು ಅಷ್ಟಾಗಿ ಬಳಸದೆ ‘ಋಣ ತೀರಿತು’ ಎನ್ನುವುದಕ್ಕೆ ಕಾರಣ ಇದೇ ಇರಬೇಕು. ಋಣ ತೀರಿತು ಎನ್ನುವ ಮಾತು ಯಾರ ಮೇಲೂ ತಪ್ಪು ಹೊರಿಸುವುದಿಲ್ಲ. ಕೊಡುವುದು ಕೊಟ್ಟಾಯಿತು, ಎದ್ದು ಹೋದ ಎನ್ನುತ್ತದೆ. ಶಾಸ್ತ್ರಕ್ಕಿಂತ ಆಡುಮಾತು ಇಲ್ಲಿ ಹೆಚ್ಚು ನಯವಾಗಿದೆ.

ಬೌದ್ಧ ಪರಂಪರೆಯಲ್ಲಿ ಇದಕ್ಕೆ ಇನ್ನೂ ನೇರವಾದ ಒಂದು ಉತ್ತರವಿದೆ. ಸಂಯುಕ್ತ ನಿಕಾಯದಲ್ಲಿ ಮೋಲಿಯ ಸೀವಕ ಎಂಬ ಪರಿವ್ರಾಜಕ ಬುದ್ಧನ ಬಳಿ ಬಂದು, ಮನುಷ್ಯನಿಗಾಗುವ ಸುಖದುಃಖವೆಲ್ಲ ಹಿಂದೆ ಮಾಡಿದ ಕರ್ಮದಿಂದಲೇ ಎಂದು ಕೆಲವರು ಹೇಳುತ್ತಾರಲ್ಲ ಎಂದು ಕೇಳುತ್ತಾನೆ. ಬುದ್ಧ ಒಪ್ಪುವುದಿಲ್ಲ. ಪಿತ್ತದಿಂದ, ಶ್ಲೇಷ್ಮದಿಂದ, ವಾತದಿಂದ, ಇವು ಮೂರೂ ಕೂಡಿದ್ದರಿಂದ, ಋತು ಬದಲಾದ್ದರಿಂದ, ಎಚ್ಚರಗೇಡಿತನದಿಂದ, ಹೊರಗಿನ ಹೊಡೆತದಿಂದಲೂ ನೋವು ಬರುತ್ತದೆ ಎಂದು ಎಣಿಸಿ, ಕರ್ಮವನ್ನು ಎಂಟನೆಯದಾಗಿ ಇಡುತ್ತಾನೆ. ಜ್ವರ ಬಂದವನನ್ನು ಪಾಪಿ ಎನ್ನಬೇಡಿ ಎಂದಂತೆ. ಕರ್ನಾಟಕದ ಹಳ್ಳಿಯ ಮಾತಿನಲ್ಲಿ ಈ ವಿವೇಕ ಉಳಿಯಲಿಲ್ಲ. ಕರ್ಮ ಎಂಟರಲ್ಲಿ ಒಂದಾಗಿದ್ದದ್ದು ಎಂಟೂ ಆಯಿತು.

ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಶ್ರವಣಬೆಳಗೊಳವಿದೆ. ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸಲ್ಲೇಖನ ವ್ರತದಿಂದ ದೇಹ ಬಿಟ್ಟವರ ಹೆಸರುಗಳು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಕೊರೆದು ನಿಂತಿವೆ. ಅಲ್ಲಿ ಸಾವು ಮನುಷ್ಯ ಕೈಯಾರೆ ಆರಿಸಿಕೊಂಡದ್ದು, ಕಲ್ಲಿನಲ್ಲಿ ಬರೆಸಿ ನೆನೆಯತಕ್ಕದ್ದು. ಅದೇ ತಾಲ್ಲೂಕಿನ ಜೋಪಡಿಗಳಲ್ಲಿ ಪ್ಲೇಗಿಗೆ ಸತ್ತವರ ಹೆಸರು ಯಾವ ಬಂಡೆಯ ಮೇಲೂ ಇಲ್ಲ. ಸಾವನ್ನು ಗೆದ್ದವರ ತತ್ತ್ವ ಒಂದು, ಸಾವಿಗೆ ಸಿಕ್ಕವರ ತತ್ತ್ವ ಇನ್ನೊಂದು. ಎರಡನೆಯದನ್ನು ಬರೆದವರು ಕಡಿಮೆ.

ತಾಯಿ ಹೋದ ಮೇಲೆ ಭೈರಪ್ಪನವರ ಓದು ಹೊಟ್ಟೆಪಾಡಿನ ಜೊತೆ ಗುದ್ದಾಡುತ್ತಲೇ ಸಾಗಿತು. ಸಣ್ಣಪುಟ್ಟ ಕೆಲಸಗಳಿಂದ ಫೀಸು ಹೊಂದಿಸಿದರು. ಮಧ್ಯೆ ಓದು ಬಿಟ್ಟು ಹೊರಟು ಮುಂಬಯಿಯ ರೈಲು ನಿಲ್ದಾಣದಲ್ಲಿ ಹಮಾಲಿ ಮಾಡಿದರು. ಸಾಧುಗಳ ಗುಂಪಿನ ಜೊತೆ ಕೆಲವು ತಿಂಗಳು ಅಲೆದರು. ಧರ್ಮದ ಪ್ರಶ್ನೆ ಹೊತ್ತವನಿಗೆ ಸಾಧುಗಳ ಜೊತೆಯೇ ಉತ್ತರ ಸಿಗಬೇಕಿತ್ತು ಎನ್ನಿಸಬಹುದು. ಸಿಗಲಿಲ್ಲ, ತಿರುಗಿ ಬಂದು ಶಾಲೆ ಸೇರಿದರು. ಮೈಸೂರಿನಲ್ಲಿ ಅವರು ಉಂಡದ್ದು ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು, ಹೀಗೆ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಂಡು ಬಡ ಬ್ರಾಹ್ಮಣ ಹುಡುಗರು ಓದುತ್ತಿದ್ದ ಪದ್ಧತಿ ಅದು. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಮನೆಯಾಕೆ ಬಡಿಸುವಾಗಿನ ಮುಖ ನೋಡಿ ಇನ್ನೊಂದು ತುತ್ತು ಕೇಳಬಹುದೋ ಬಾರದೋ ಎಂದು ಅಳೆಯುವುದು ಆ ಹುಡುಗರು ಬೇಗ ಕಲಿಯುತ್ತಿದ್ದ ವಿದ್ಯೆ.

ಅದೇ ವರ್ಷಗಳಲ್ಲಿ ತುಮಕೂರಿನ ಮಗ್ಗುಲಲ್ಲಿ, ಕ್ಯಾತ್ಸಂದ್ರದ ಬಳಿಯ ಸಿದ್ಧಗಂಗೆಯಲ್ಲಿ ಇದೇ ಹಸಿವಿಗೆ ಬೇರೆ ಬಗೆಯ ಉತ್ತರ ರೂಪುಗೊಳ್ಳುತ್ತಿತ್ತು. 1930ರಲ್ಲಿ ಮಠದ ಉತ್ತರಾಧಿಕಾರಿಯಾಗಿ, 1941ರಲ್ಲಿ ಅಧ್ಯಕ್ಷರಾಗಿ ಬಂದ ಶಿವಕುಮಾರ ಸ್ವಾಮಿಗಳು ಊರೂರು ತಿರುಗಿ ಭಿಕ್ಷೆ ಎತ್ತಿ, ಆ ರಾಗಿ, ಬೇಳೆಯಿಂದ ಹುಡುಗರಿಗೆ ಮುದ್ದೆ, ಸಾರು ಹಾಕಿ ಓದಿಸಿದರು. ಹಿರೇಹಳ್ಳಿಯ, ಗುಬ್ಬಿಯ, ಕುಣಿಗಲ್ಲಿನ ರೈತಾಪಿ ಮನೆಗಳಿಂದ ಸುಗ್ಗಿಯಲ್ಲಿ ದಾಸೋಹಕ್ಕೆಂದು ಧಾನ್ಯ ಎತ್ತಿಡುವುದು ಇವತ್ತಿಗೂ ಇರುವ ರೂಢಿ. ಜಾತಿ ಕೇಳದೆ ಪಂಕ್ತಿ ಕೂರಿಸಿದ ಆ ಮಠದಲ್ಲಿ ಊಟ ಮಾಡಿದ ಮಕ್ಕಳ ಸಂಖ್ಯೆ ಮುಂದೆ ಸಾವಿರಗಳಲ್ಲಿ ಎಣಿಸುವಂತಾಯಿತು. ವಾರಾನ್ನ ಮತ್ತು ದಾಸೋಹ ಎರಡೂ ಧರ್ಮದ ಹೆಸರಿನಲ್ಲೇ ನಡೆದವು. ಮೊದಲನೆಯದರಲ್ಲಿ ಹುಡುಗ ಪ್ರತಿ ದಿನ ಒಬ್ಬರ ಋಣಕ್ಕೆ ಬೀಳುತ್ತಿದ್ದ. ಎರಡನೆಯದರಲ್ಲಿ ಭಿಕ್ಷೆಯ ಅವಮಾನವನ್ನು ಸ್ವಾಮಿಗಳು ತಾವೇ ಹೊತ್ತು ಹುಡುಗನಿಗೆ ಊಟ ಮಾತ್ರ ತಲುಪಿಸುತ್ತಿದ್ದರು. ಸಂಕಟದ ಪ್ರಶ್ನೆಗೆ ಧರ್ಮ ಕೊಡುವ ಉತ್ತರ ಸಿದ್ಧಾಂತದಲ್ಲಿ ಎಷ್ಟು ಸೋತರೂ ಅನ್ನದಲ್ಲಿ ಗೆಲ್ಲಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಈ ಸೀಮೆಯಲ್ಲಿಲ್ಲ.

ಮೈಸೂರಿನಲ್ಲಿ ಭೈರಪ್ಪನವರು ತತ್ತ್ವಶಾಸ್ತ್ರವನ್ನೇ ಆರಿಸಿಕೊಂಡರು. ಹೊಟ್ಟೆಗಿಲ್ಲದವನು ಉದ್ಯೋಗ ತರುವ ವಿಷಯ ಬಿಟ್ಟು ಇದನ್ನು ಹಿಡಿದದ್ದು ಲೋಕದ ಲೆಕ್ಕದಲ್ಲಿ ದಡ್ಡತನವೇ. ಎಂ. ಯಾಮುನಾಚಾರ್ಯರಂಥ ಗುರುಗಳು ಅಲ್ಲಿದ್ದರು. ಎಂ.ಎ.ಯಲ್ಲಿ ಚಿನ್ನದ ಪದಕ ಬಂತು. ಮುಂದೆ ಹುಬ್ಬಳ್ಳಿ, ಗುಜರಾತಿನ ವಲ್ಲಭ ವಿದ್ಯಾನಗರ, ದೆಹಲಿ, ಮತ್ತೆ ಮೈಸೂರು ಎಂದು ಪಾಠ ಹೇಳಿಕೊಂಡು 1991ರಲ್ಲಿ ನಿವೃತ್ತರಾದರು. ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯಕ್ಕೆ ಅವರು ಒಪ್ಪಿಸಿದ ಪಿಎಚ್.ಡಿ. ಪ್ರಬಂಧದ ವಿಷಯ ಸತ್ಯ ಮತ್ತು ಸೌಂದರ್ಯ. ಸಾವಿನ ಬೆನ್ನು ಹತ್ತಿ ಬಂದವರು ಸೌಂದರ್ಯದ ಹತ್ತಿರ ಬಂದು ನಿಂತದ್ದು ದಾರಿ ತಪ್ಪಿದಂತೆ ಕಾಣುತ್ತದೆ. ಆದರೆ ಭಾರತೀಯ ಕಾವ್ಯಮೀಮಾಂಸೆಯಲ್ಲಿ ಈ ಎರಡಕ್ಕೂ ಹಳೆಯ ನಂಟಿದೆ. ಬೇಡ ಹೊಡೆದ ಕ್ರೌಂಚಪಕ್ಷಿಯನ್ನು ನೋಡಿದ ವಾಲ್ಮೀಕಿಯ ಶೋಕ ಶ್ಲೋಕವಾಯಿತು ಎಂಬಲ್ಲಿಂದಲೇ ಕಾವ್ಯದ ಕಥೆ ಆರಂಭ. ಗಮನಿಸಬೇಕಾದದ್ದು, ವಾಲ್ಮೀಕಿ ಆ ಹಕ್ಕಿ ಯಾವ ಕರ್ಮಕ್ಕೆ ಸತ್ತಿತು ಎಂದು ವಿಚಾರಿಸಲಿಲ್ಲ. ಕೊಂದವನನ್ನು ಶಪಿಸಿದ, ಆಮೇಲೆ ತನ್ನ ಬಾಯಿಂದ ಬಂದದ್ದೇನು ಎಂದು ಬೆರಗಾದ.

ರಸಸಿದ್ಧಾಂತದಲ್ಲಿ, ಅದರಲ್ಲೂ ಅಭಿನವಗುಪ್ತನ ವಿವರಣೆಯಲ್ಲಿ, ಸ್ವಂತದ ಶೋಕಕ್ಕೂ ಕರುಣರಸಕ್ಕೂ ನಡುವೆ ಒಂದು ಗೆರೆಯಿದೆ. ಸ್ವಂತ ಶೋಕ ‘ನನ್ನದು’ ಎಂದು ಹಿಡಿದುಕೊಂಡಿರುತ್ತದೆ, ಮನುಷ್ಯನನ್ನು ಕುಗ್ಗಿಸುತ್ತದೆ. ಅದೇ ಶೋಕ ಯಾರದೂ ಅಲ್ಲದ, ಎಲ್ಲರದೂ ಆದ ಸ್ಥಿತಿಗೆ ಬಂದಾಗ ಆಸ್ವಾದಕ್ಕೆ ಸಿಗುತ್ತದೆ. ಇದಕ್ಕೆ ಸಾಧಾರಣೀಕರಣ ಎನ್ನುತ್ತಾರೆ. ದುಃಖಕ್ಕೆ ಕಾರಣ ಹುಡುಕುವುದು ತತ್ತ್ವಶಾಸ್ತ್ರದ ಕೆಲಸವಾದರೆ, ದುಃಖದ ಒಡೆತನ ಬಿಡಿಸುವುದು ಕಾವ್ಯದ ಕೆಲಸ. ಭೈರಪ್ಪನವರು ಮೊದಲನೆಯದನ್ನು ಪಾಠ ಹೇಳುತ್ತಾ ಎರಡನೆಯದನ್ನು ಬರೆದರು. ‘ನಾನೇಕೆ ಬರೆಯುತ್ತೇನೆ’ ಎಂಬ ಹೆಸರಿನಲ್ಲೇ ಅವರು ಪುಸ್ತಕ ತಂದಿರುವುದರಿಂದ ಈ ವಿಚಾರ ಅವರಿಗೆ ಅಷ್ಟು ಸುಲಭವಾಗಿ ಬಗೆಹರಿದಿರಲಿಲ್ಲ ಎನ್ನಬಹುದು.

ಹೋಲಿಕೆಗೆ ಅಮೆರಿಕದ ಮಾರ್ಕ್ ಟ್ವೇನನ ಬದುಕು ನೆನಪಾಗುತ್ತದೆ. ಹುಟ್ಟಿದ್ದು 1835ರಲ್ಲಿ. ಹನ್ನೊಂದನೆಯ ವಯಸ್ಸಿಗೆ ತಂದೆ ಹೋದ. 1858ರಲ್ಲಿ ಉಗಿಹಡಗಿನ ಬಾಯ್ಲರು ಸಿಡಿದು ತಮ್ಮ ಹೆನ್ರಿ ಸತ್ತ. ಆ ಹಡಗಿನ ಕೆಲಸ ಕೊಡಿಸಿದ್ದು ತಾನೇ ಎಂಬ ಕೊರಗು ಟ್ವೇನನನ್ನು ಕೊನೆತನಕ ಬಿಡಲಿಲ್ಲ. ಕೂಸಾಗಿದ್ದ ಮಗ 1872ರಲ್ಲಿ ತೀರಿಕೊಂಡ. ಅಚ್ಚುಮೊಳೆ ಜೋಡಿಸುವ ಯಂತ್ರಕ್ಕೆ ಹಣ ಸುರಿದು, ಪ್ರಕಾಶನವೂ ಮುಳುಗಿ 1894ರಲ್ಲಿ ದಿವಾಳಿಯಾದ. ಸಾಲ ತೀರಿಸಲು ಜಗತ್ತು ಸುತ್ತಿ ಭಾಷಣ ಮಾಡುತ್ತಾ 1896ರ ಆರಂಭದಲ್ಲಿ ಭಾರತಕ್ಕೂ ಬಂದಿದ್ದ. ಅವನು ಹೋದ ಕೆಲವೇ ತಿಂಗಳಿಗೆ ಮುಂಬಯಿಯಲ್ಲಿ ಪ್ಲೇಗು ಎದ್ದಿತು. ಅದಕ್ಕೂ ಸ್ವಲ್ಪ ಮೊದಲು, ಆಗಸ್ಟಿನಲ್ಲಿ, ಅವನ ಮಗಳು ಸೂಸಿ ಮಿದುಳಿನ ಜ್ವರದಿಂದ ತೀರಿಕೊಂಡಳು. ಅಪ್ಪ ಆಗ ಇಂಗ್ಲೆಂಡಿನಲ್ಲಿದ್ದ. 1904ರಲ್ಲಿ ಹೆಂಡತಿ, 1909ರ ಕ್ರಿಸ್‌ಮಸ್ಸಿನ ಹಿಂದಿನ ದಿನ ಇನ್ನೊಬ್ಬ ಮಗಳು. ನಗಿಸಿ ಹೆಸರಾದ ಈ ಬರಹಗಾರ ಕೊನೆಯ ವರ್ಷಗಳಲ್ಲಿ ದೇವರ ಮೇಲೆ ಬರೆದ ಬರಹಗಳಲ್ಲಿ ಎಷ್ಟು ಕಹಿಯಿತ್ತೆಂದರೆ ಅವುಗಳಲ್ಲಿ ಕೆಲವು ಅವನು ಸತ್ತು ಅರ್ಧ ಶತಮಾನ ಕಳೆದು 1962ರಲ್ಲಿ ಅಚ್ಚಾದವು.

ಟ್ವೇನನಿಗೆ ಒಂದು ಅನುಕೂಲವಿತ್ತು. ಅವನು ಬೆಳೆದ ಕ್ರೈಸ್ತ ಮತದಲ್ಲಿ ಜಗತ್ತನ್ನು ಮಾಡಿದವನೂ ನಡೆಸುವವನೂ ಒಬ್ಬನೇ. ಆ ಒಬ್ಬನನ್ನು ಕಟಕಟೆಗೆ ತಂದು ನಿಲ್ಲಿಸಿ ಬೈಯಬಹುದು. ಬೈಬಲ್ಲಿನ ಯೋಬನೂ ಹಾಗೆಯೇ ಮಾಡಿದ. ಸಂತೇಶಿವರದ ಹುಡುಗನಿಗೆ ಬೈಯಲು ಯಾರೂ ಸಿಗಲಿಲ್ಲ. ಮಾರಿಯನ್ನು ಬೈದರೆ ಅವಳಿಗಿಂತ ಮೇಲೆ ಶಿವನಿದ್ದಾನೆ. ಶಿವನನ್ನು ಬೈದರೆ ಅವನೂ ಕರ್ಮಕ್ಕೆ ತಕ್ಕಂತೆ ನಡೆಸುವವನು. ಕರ್ಮವನ್ನು ಬೈದರೆ ಬೈದವನ ಬಾಯಿಗೇ ತಿರುಗುತ್ತದೆ. ಪಾಶ್ಚಾತ್ಯ ಸಾಹಿತ್ಯದಲ್ಲಿ ಸಂಕಟ ದೇವರ ಮೇಲಿನ ಮೊಕದ್ದಮೆಯಾದರೆ ಕನ್ನಡದಲ್ಲಿ ಅದು ಬಹುಮಟ್ಟಿಗೆ ಮನೆಯೊಳಗಿನ ಕಥೆಯಾಗಿ ಉಳಿಯುವುದಕ್ಕೆ ಈ ವ್ಯತ್ಯಾಸವೇ ಕಾರಣ. ಆರೋಪಿ ಸಿಗದ ಕಡೆ ಸಾಕ್ಷಿ ಹೇಳುವುದೊಂದೇ ಉಳಿಯುವ ಕೆಲಸ.

1970ರಲ್ಲಿ ಬಂದ ‘ಗೃಹಭಂಗ’ ಅಂಥ ಸಾಕ್ಷಿ. ತಿಪಟೂರು, ಚನ್ನರಾಯಪಟ್ಟಣ ತಾಲ್ಲೂಕುಗಳ ನೆಲ, ಮಾತು, ಬೈಗುಳ ಅದರಲ್ಲಿ ತುಂಬಿದೆ. ಕಾದಂಬರಿಯ ನಂಜಮ್ಮನ ಹಿಂದೆ ಗೌರಮ್ಮನ ನೆರಳಿರುವುದು 1996ರ ಆತ್ಮಕಥೆ ‘ಭಿತ್ತಿ’ಯನ್ನು ಓದಿದ ಯಾರಿಗಾದರೂ ತಿಳಿಯುತ್ತದೆ. ನಂಜಮ್ಮ ರಾಮಸಂದ್ರದ ಶ್ಯಾನುಭೋಗರ ಮನೆಯ ಸೊಸೆ. ಗಂಡ ಚೆನ್ನಿಗರಾಯ ಹೊಟ್ಟೆಬಾಕ, ಮೈಗಳ್ಳ. ಅತ್ತೆ ಗಂಗಮ್ಮನ ಬಾಯಿ ಊರಿಗೆಲ್ಲ ಗೊತ್ತು. ಮೈದುನ ಅಪ್ಪಣ್ಣಯ್ಯ ಅಣ್ಣನಿಗಿಂತ ಏನೂ ಮೇಲಲ್ಲ. ಶ್ಯಾನುಭೋಗಿಕೆಯ ಲೆಕ್ಕ ಬರೆಯಲು ಗಂಡನಿಗೆ ಬಾರದು. ಅವಳೇ ರೂಲು ಎಳೆದು, ಸರ್ವೆ ನಂಬರು, ಕಂದಾಯ, ಬಾಕಿ ಎಲ್ಲವನ್ನೂ ತಪ್ಪಿಲ್ಲದೆ ತುಂಬುತ್ತಾಳೆ. ಜಮಾಬಂದಿಯಲ್ಲಿ ರುಜು ಹಾಕುವವನು, ಶ್ಯಾನುಭೋಗಿಕೆಯ ಸಂಭಾವನೆಯಾದ ಪೋಟಿಗೆಯ ಹಣ ಎಣಿಸಿಕೊಳ್ಳುವವನು ಅವನು. ಅದು ಸಾಲದು ಎಂದು ಮುತ್ತುಗದ ಎಲೆ ತಂದು ಒಣಗಿಸಿ, ಕಡ್ಡಿ ಚುಚ್ಚಿ ಊಟದೆಲೆ ಹಚ್ಚುತ್ತಾಳೆ. ಎಲೆ ತೀರ ಒಣಗಿದರೆ ಒಡೆಯುತ್ತದೆ, ಹಸಿಯಾಗಿದ್ದರೆ ಸುರುಟಿಕೊಳ್ಳುತ್ತದೆ. ಹದ ನೋಡಿ ನೀರು ಚಿಮುಕಿಸಿ, ಒಂದರ ಅಂಚಿನ ಮೇಲೆ ಇನ್ನೊಂದನ್ನು ಕೂರಿಸಿ ಹಚ್ಚಬೇಕು. ಹೀಗೆ ಹಚ್ಚಿದ ಎಲೆಗಳನ್ನು ನೂರರ ಲೆಕ್ಕದಲ್ಲಿ ಕಟ್ಟಿ ಮಾರಿದ ಕಾಸಿನಲ್ಲಿ ಮಕ್ಕಳ ಹೊಟ್ಟೆ ತುಂಬಬೇಕು.

ಕರ್ಮಸಿದ್ಧಾಂತವೂ ಒಂದು ಬಗೆಯ ಶ್ಯಾನುಭೋಗಿಕೆಯೇ. ಜಮೆ, ಖರ್ಚು, ಹಿಂದಿನ ಬಾಕಿ, ಮುಂದಕ್ಕೆ ಎಳೆದ ಶಿಲ್ಕು. ಯಮನ ಕಚೇರಿಯಲ್ಲಿ ಚಿತ್ರಗುಪ್ತ. ಊರಿನ ಲೆಕ್ಕವನ್ನು ಪೈಸೆ ತಪ್ಪದಂತೆ ಬರೆದ ಹೆಂಗಸಿನ ಸ್ವಂತ ಲೆಕ್ಕ ಮಾತ್ರ ಎಷ್ಟು ಕೂಡಿದರೂ ತಾಳೆಯಾಗುವುದಿಲ್ಲ. ಮಗಳು ಪಾರ್ವತಿ, ಮಗ ರಾಮಣ್ಣ ಪ್ಲೇಗಿಗೆ ಬಲಿಯಾಗುತ್ತಾರೆ. ದುಡಿಯದವನು, ಬೈಯುವವಳು, ಕದ್ದು ತಿನ್ನುವವನು ಉಳಿಯುತ್ತಾರೆ. ಕೊನೆಗೆ ನಂಜಮ್ಮನೂ ಹೋಗುತ್ತಾಳೆ. ಕಾದಂಬರಿಕಾರರು ಇಲ್ಲಿ ಯಾವ ವಿವರಣೆಯನ್ನೂ ತಂದು ಸೇರಿಸುವುದಿಲ್ಲ. ಪಾತ್ರಗಳು ಹಣೆಬರಹ ಎನ್ನುತ್ತವೆ, ದೇವರು ಎನ್ನುತ್ತವೆ, ಶಾಪ ಎನ್ನುತ್ತವೆ. ಕಥೆ ಹೇಳುವ ದನಿ ಇದರಲ್ಲಿ ಒಂದನ್ನೂ ಅನುಮೋದಿಸುವುದಿಲ್ಲ. ತತ್ತ್ವಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಬರೆದ ಪುಸ್ತಕದಲ್ಲಿ ತತ್ತ್ವದ ಒಂದು ಪುಟವೂ ಇಲ್ಲದಿರುವುದು ಅಚಾತುರ್ಯವಲ್ಲ. ಶಂಕರರ ಮಳೆಯ ಹೋಲಿಕೆ ಅವರಿಗೆ ಗೊತ್ತಿರಲಿಲ್ಲವೇ? ತರಗತಿಯಲ್ಲಿ ಹೇಳಿಕೊಡುವಷ್ಟು ಗೊತ್ತಿತ್ತು. ನಂಜಮ್ಮನ ಜೋಪಡಿಯ ಮುಂದೆ ನಿಂತು ಅದನ್ನು ಹೇಳಲು ಅವರಿಗೆ ಮನಸ್ಸು ಬರಲಿಲ್ಲ, ಅಷ್ಟೆ.

ಹಾಗೆಂದು ಕಾದಂಬರಿ ಧರ್ಮವನ್ನು ತಳ್ಳಿಹಾಕುತ್ತದೆ ಎನ್ನುವಂತಿಲ್ಲ. ಊರ ಗುಡಿಯಲ್ಲಿ ಇರುವ, ಭಿಕ್ಷೆ ಎತ್ತಿ ಬದುಕುವ ಮಾದೇವಯ್ಯನವರು ಇಡೀ ಪುಸ್ತಕದಲ್ಲಿ ನಂಜಮ್ಮನ ಕಷ್ಟ ಕೇಳುವ ಕೆಲವೇ ಜನರಲ್ಲಿ ಒಬ್ಬರು. ಅವರು ಜಂಗಮ, ಇವಳು ಬ್ರಾಹ್ಮಣತಿ. ಎಡೆಯೂರಿನ ಸಿದ್ಧಲಿಂಗೇಶ್ವರನ ಕುಣಿಗಲ್ಲಿನಿಂದ ಗುಬ್ಬಿ, ತಿಪಟೂರಿನವರೆಗೆ ಜೋಳಿಗೆ ಹಾಕಿಕೊಂಡು ಓಡಾಡುವ ಇಂಥ ಅಯ್ಯನವರನ್ನು ಈ ಭಾಗದ ಹಳೆಯ ತಲೆಮಾರಿನವರೆಲ್ಲ ಕಂಡಿದ್ದಾರೆ. ಪುರೋಹಿತರು ಮನೆಯ ಸೂತಕಕ್ಕೆ ದಕ್ಷಿಣೆ ಲೆಕ್ಕ ಹಾಕುವ ಕಾದಂಬರಿಯಲ್ಲಿ ಮಾದೇವಯ್ಯನವರು ಉಪದೇಶ ಮಾಡುವುದು ತೀರ ಕಡಿಮೆ. ತಾಯಿಯೂ ಇಲ್ಲದಾದ ಮೇಲೆ ಉಳಿದ ಕಿರಿಯ ಮಗ ವಿಶ್ವನನ್ನು ಕೈ ಹಿಡಿದು ಊರು ಬಿಟ್ಟು ಕರೆದುಕೊಂಡು ಹೋಗುತ್ತಾರೆ. ಯಾಕೆ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಆ ಹೊತ್ತಿಗೆ ಮಾಡಬಹುದಾದ ಧರ್ಮದ ಕೆಲಸ ಮಾತ್ರ ಅದೊಂದೇ ಇತ್ತು, ಅದನ್ನು ಮಾಡಿದವರು ಆ ಮನೆಯವರಲ್ಲ, ಆ ಜಾತಿಯವರೂ ಅಲ್ಲ.

ಮುಂದಿನ ಕಾದಂಬರಿಗಳಲ್ಲಿ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬಂತು. ವಿಶ್ವನ ಮುಂದಿನ ಬದುಕನ್ನು 1976ರ ‘ಅನ್ವೇಷಣ’ ಹುಡುಕಿತು. 1979ರ ‘ಪರ್ವ’ದಲ್ಲಿ ಮಹಾಭಾರತದ ಯುದ್ಧ ದೇವತೆಗಳ ನೆರವಿಲ್ಲದೆ ನಡೆಯುತ್ತದೆ; ವರವಿಲ್ಲ, ಶಾಪವಿಲ್ಲ, ಕೊಳೆಯುವ ಹೆಣಗಳಿವೆ, ಗಂಡು ದಿಕ್ಕಿಲ್ಲದ ಹೆಂಗಸರಿದ್ದಾರೆ. ಅದಕ್ಕೂ ಮೊದಲು 1965ರ ‘ವಂಶವೃಕ್ಷ’ದಲ್ಲಿ ಶ್ರೀನಿವಾಸ ಶ್ರೋತ್ರಿಯರು ಜೀವನವಿಡೀ ಕಾಪಾಡಿದ ವಂಶದ ಧರ್ಮ ತಮ್ಮ ಹುಟ್ಟಿನಲ್ಲೇ ಬಿರುಕು ಬಿಟ್ಟಿತ್ತೆಂದು ಮುಪ್ಪಿನಲ್ಲಿ ತಿಳಿದುಕೊಂಡಿದ್ದರು. 1983ರ ‘ನೆಲೆ’ಗೆ ಸಾವೇ ವಸ್ತು. 2007ರ ‘ಆವರಣ’ದ ಸುತ್ತ ಎದ್ದ ಗದ್ದಲದಲ್ಲಿ ಓದುಗರು ಪರ, ವಿರೋಧ ಎಂದು ಎರಡು ಪಾಳಯವಾದರು. ಭೈರಪ್ಪನವರು ಧರ್ಮದ ವಿಷಯದಲ್ಲಿ ಬಲು ಖಚಿತ ಮಾತಿನ ಲೇಖಕ ಎಂಬ ಹೆಸರು ಆಗ ಗಟ್ಟಿಯಾಯಿತು. ಅವರ ಭಾಷಣಗಳಿಗೆ ಆ ಮಾತು ಸಲ್ಲಬಹುದು. ಇತಿಹಾಸದ ಬಗ್ಗೆ ಅಷ್ಟು ಖಚಿತವಾಗಿ ಮಾತನಾಡಿದವರು ಸಾವಿನ ಬಗ್ಗೆ, ಅನ್ಯಾಯದ ಸಂಕಟದ ಬಗ್ಗೆ ಒಮ್ಮೆಯೂ ಖಚಿತ ಉತ್ತರ ಕೊಡಲಿಲ್ಲ. ‘ಗೃಹಭಂಗ’ದ ಭೈರಪ್ಪನವರು ‘ಆವರಣ’ದ ಭೈರಪ್ಪನವರಿಗಿಂತ ದೊಡ್ಡ ಲೇಖಕರಾಗಿರುವುದು ಈ ಕಾರಣಕ್ಕೇ.

‘ದಾಟು’ವಿಗೆ 1975ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ‘ಮಂದ್ರ’ಕ್ಕೆ 2010ರ ಸರಸ್ವತಿ ಸಮ್ಮಾನ್, 2023ರಲ್ಲಿ ಪದ್ಮಭೂಷಣ ಬಂದವು. 2017ರಲ್ಲಿ ಬಂದ ಕೊನೆಯ ಕಾದಂಬರಿ ‘ಉತ್ತರಕಾಂಡ’ದಲ್ಲಿ ಅವರು ಮತ್ತೆ ತಪ್ಪಿಲ್ಲದೆ ನೊಂದ ಹೆಂಗಸೊಬ್ಬಳ ಹತ್ತಿರ ಬಂದರು, ಈ ಸಲ ಅವಳು ಸೀತೆ. 2025ರ ಸೆಪ್ಟೆಂಬರ್ 24ರಂದು ಬೆಂಗಳೂರಿನಲ್ಲಿ ಭೈರಪ್ಪನವರು ತೀರಿಕೊಂಡಾಗ ಅವರಿಗೆ 94 ವರ್ಷ.